ರೋಜರ್ ವಿಲಿಯಮ್ಸ್

ಇಂಗ್ಲೆಂಡಿನಲ್ಲಿ ಇಂದಿಗೂ ದೊರೆಯೇ ರಾಷ್ಟ್ರೀಯ ಚರ್ಚಿನ ಪರಮಾಧಿಪತಿ; ಆದರೆ ಭಾನುವಾರದ ಪ್ರಾರ್ಥನೆಗೆ ಬರುವವರು ವಿರಳ. ಅಮೆರಿಕದ ಪ್ರಭುತ್ವಕ್ಕೆ ತನ್ನದೆಂಬ ಮತವೇ ಇಲ್ಲ. ಅಲ್ಲಿಯಾದರೋ ಚರ್ಚಿಗೆ ಹೋಗುವವರ ಪ್ರಮಾಣ ಹೆಚ್ಚು. ಈ ವೈಪರೀತ್ಯದ ಮೂಲವನ್ನರಸಿ ಹೊರಟವರಿಗೆ ಹದಿನೇಳನೆಯ ಶತಮಾನದ ಪಾದ್ರಿಯೊಬ್ಬನ ಬಾಳು ಎದುರಾಗುತ್ತದೆ.

ರೋಜರ್ ವಿಲಿಯಮ್ಸನು ಸುಮಾರು 1603ರಲ್ಲಿ ಲಂಡನ್ನಿನ ವರ್ತಕನೊಬ್ಬನ ಮಗನಾಗಿ ಜನಿಸಿದನು. ದೊರೆಯ ಮತವೇ ಪ್ರಜೆಯ ಮತವಾಗಿರಬೇಕೆಂಬುದು ಅಂದಿನ ಯುರೋಪಿನ ರೂಢಿ. 1612ರಲ್ಲಿ ಅವನ ಮನೆಗೆ ಸಮೀಪದ ಸ್ಮಿತ್‌ಫೀಲ್ಡ್ ಬಯಲಿನಲ್ಲಿ ಮತಭ್ರಷ್ಟನೆಂಬ ಆರೋಪದ ಮೇಲೆ ಒಬ್ಬನನ್ನು ಜೀವಂತವಾಗಿ ಸುಟ್ಟರು. ಕೇಂಬ್ರಿಜ್ಜಿನಲ್ಲಿ ಓದಿ ಪಾದ್ರಿಯಾದ ವಿಲಿಯಮ್ಸನು 1631ರಲ್ಲಿ ಬಾಸ್ಟನ್ನಿಗೆ ಬಂದಿಳಿದನು.

ಅಲ್ಲಿದ್ದ ಪ್ಯೂರಿಟನ್ನರು ಇಂಗ್ಲೆಂಡಿನ ಮತನಿರ್ಬಂಧಕ್ಕೆ ಬೇಸತ್ತು ಕಡಲು ದಾಟಿದವರು. ವಿಚಿತ್ರವೆಂದರೆ, ತಾವು ಬಿಟ್ಟುಬಂದ ನಿರ್ಬಂಧವನ್ನೇ ಅವರು ಹೊಸ ನೆಲದಲ್ಲಿ ಕಟ್ಟತೊಡಗಿದ್ದರು. ದೇವರಿಗೆ ಸಂಬಂಧಿಸಿದ ಆಜ್ಞೆಗಳನ್ನು ಮೀರಿದವರನ್ನು ದಂಡಿಸಲು ನ್ಯಾಯಾಧಿಕಾರಿಗೆ ಹಕ್ಕಿಲ್ಲವೆಂದು ವಿಲಿಯಮ್ಸನು ವಾದಿಸಿದನು. ಮೂಲನಿವಾಸಿಗಳ ನೆಲವನ್ನು ದಾನಮಾಡಲು ಇಂಗ್ಲೆಂಡಿನ ದೊರೆ ಯಾರೆಂದೂ ಪ್ರಶ್ನಿಸಿದನು. 1635ರಲ್ಲಿ ಅವನಿಗೆ ಗಡೀಪಾರಿನ ಶಿಕ್ಷೆಯಾಯಿತು. ಹಡಗೇರಿಸಿ ಇಂಗ್ಲೆಂಡಿಗೆ ಕಳುಹಿಸುವ ಸನ್ನಾಹ ನಡೆದಿರಲು, 1636ರ ಜನವರಿಯ ಹಿಮಪಾತದಲ್ಲಿ ಅವನು ಮನೆಬಿಟ್ಟು ಕಾಡು ಹೊಕ್ಕನು. ಆ ಕಡುಚಳಿಯಲ್ಲಿ ಅವನಿಗೆ ಆಶ್ರಯವಿತ್ತವರು ವಾಂಪನೋಗ್ ಜನರು. ಸ್ವಮತೀಯರು ಅಟ್ಟಿದವನನ್ನು ಅನ್ಯರು ಪೊರೆದರು.

ನರಗ್ಯಾನ್‌ಸೆಟ್ ನಾಯಕರಿಂದ ನೆಲವನ್ನು ಪಡೆದು ಅವನು ಪ್ರಾವಿಡೆನ್ಸ್ ಎಂಬ ಊರನ್ನು ಸ್ಥಾಪಿಸಿದನು. ಅಲ್ಲಿ ಬಹುಮತದ ಆಜ್ಞೆ ಲೌಕಿಕ ವಿಷಯಗಳಿಗೆ ಮಾತ್ರ; ಅಂತಃಕರಣವು ಅದರ ಎಲ್ಲೆಯಾಚೆ. ಲಂಡನ್ನಿಗೆ ಹೋಗಿ 1644ರಲ್ಲಿ ವಸಾಹತಿಗೆ ಸನ್ನದು ಪಡೆದನು. ಅದೇ ವರ್ಷ ಮತಹಿಂಸೆಯನ್ನು ಖಂಡಿಸಿ ಅವನು ಬರೆದ ಗ್ರಂಥವನ್ನು ಸುಡುವಂತೆ ಪಾರ್ಲಿಮೆಂಟು ಆಜ್ಞಾಪಿಸಿತು.

ಇವನನ್ನು ಮತದಲ್ಲಿ ಉದಾಸೀನನೆಂದು ಭಾವಿಸಿದರೆ ತಪ್ಪಾದೀತು. ಯಾವ ಚರ್ಚಿನ ಪರಿಶುದ್ಧಿಯೂ ಅವನ ಕಣ್ಣಿಗೆ ಸಾಲದು. ತಾನೇ ಸೇರಿ ಕಟ್ಟಿದ ಬ್ಯಾಪ್ಟಿಸ್ಟ್ ಸಭೆಯನ್ನು ಕೆಲವೇ ತಿಂಗಳಲ್ಲಿ ತೊರೆದನು. (ಸಹವಾಸಕ್ಕೆ ಸುಲಭನಾದ ಮನುಷ್ಯನಲ್ಲ!) ಕ್ವೇಕರರ ಮತವು ಅವನಿಗೆ ಸಹ್ಯವಾಗಿರಲಿಲ್ಲ. 1672ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ದೋಣಿಯಲ್ಲಿ ನ್ಯೂಪೋರ್ಟಿಗೆ ಹೋಗಿ ಅವರೊಡನೆ ದಿನಗಟ್ಟಲೆ ವಾದಮಾಡಿದನು. ಬಾಸ್ಟನ್ನಿನವರು 1660ರಲ್ಲಿ ಮೇರಿ ಡೈಯರ್ ಎಂಬ ಕ್ವೇಕರ್ ಮಹಿಳೆಯನ್ನು ಗಲ್ಲಿಗೇರಿಸಿದ್ದರು. ವಿಲಿಯಮ್ಸನ ನಾಡಿನಲ್ಲಿ ಕ್ವೇಕರರಿಗೆ ವಾದದ ಹೊರತು ಬೇರೆ ಶಿಕ್ಷೆಯಿರಲಿಲ್ಲ. ರಾಜದಂಡದ ಸ್ಪರ್ಶದಿಂದ ಕಲುಷಿತವಾಗುವುದು ಧರ್ಮವೇ ಎಂಬುದು ಅವನ ಭೀತಿ.

ಸಿಂಹಾಸನಕ್ಕೆ ಅಂಟಿಕೊಂಡ ಪೀಠವು ಸಿಂಹಾಸನದ ಮೇಲಣ ಕೋಪಕ್ಕೂ ಪಾಲುಗೊಳ್ಳಬೇಕಾಗುತ್ತದೆ. 1789ರಲ್ಲಿ ಫ್ರಾನ್ಸಿನ ಜನ ಅರಸೊತ್ತಿಗೆಯ ಮೇಲೆ ತಿರುಗಿಬಿದ್ದಾಗ ಚರ್ಚಿನ ಆಸ್ತಿಯೂ ಉಳಿಯಲಿಲ್ಲ. ಎರಡೇ ವರ್ಷಗಳ ಬಳಿಕ, 1791ರಲ್ಲಿ, ರಾಷ್ಟ್ರಕ್ಕೆ ಅಧಿಕೃತ ಮತವಿರಕೂಡದೆಂಬ ತಿದ್ದುಪಡಿ ಅಮೆರಿಕದ ಸಂವಿಧಾನವನ್ನು ಸೇರಿತು. ಅದಕ್ಕಾಗಿ ಹೋರಾಡಿದವರಲ್ಲಿ ಭಕ್ತರಾದ ಬ್ಯಾಪ್ಟಿಸ್ಟರೂ ಇದ್ದರು. ಮ್ಯಾಸಚೂಸೆಟ್ಸ್ ಮಾತ್ರ ಚರ್ಚಿನ ತೆರಿಗೆಯನ್ನು 1833ರವರೆಗೆ ಬಿಡಲಿಲ್ಲ.

1676ರ ಯುದ್ಧದಲ್ಲಿ ನರಗ್ಯಾನ್‌ಸೆಟ್ಟರು ಪ್ರಾವಿಡೆನ್ಸಿಗೆ ಬೆಂಕಿಯಿಟ್ಟಾಗ ವೃದ್ಧ ವಿಲಿಯಮ್ಸನ ಮನೆಯೂ ಉರಿಯಿತು. 1683ರಲ್ಲಿ ಅವನು ತೀರಿಕೊಂಡನು. ಅವನ ಗಡೀಪಾರಿನ ಆಜ್ಞೆಯನ್ನು ಮ್ಯಾಸಚೂಸೆಟ್ಸ್ ಶಾಸನಸಭೆ 1936ರಲ್ಲಿ ಹಿಂತೆಗೆದುಕೊಂಡಿತು.