ಶಂಕ್ರಣ್ಣನ ಮುತ್ತು, ನಮ್ಮ ಹುಡುಗರ ಆಕಾಶ

ನಮ್ಮ ಅಕ್ಕನ ಮಗ ಹಿರಿಯೂರಿನಲ್ಲಿ ಡಿಗ್ರಿ ಓದ್ತಾನೆ. ಮುಂದೆ ಬರಲಿರುವ ದೊಡ್ಡ ಬಜೆಟ್ಟಿನ ಬಾಹ್ಯಾಕಾಶ ಸಿನಿಮಾವೊಂದಕ್ಕೆ ಈಗಲೇ ದಿನ ಎಣಿಸ್ತಿದ್ದಾನೆ. 2025ರ ಫೆಬ್ರವರಿಯಲ್ಲಿ ‘ಇಂಟರ್‌ಸ್ಟೆಲ್ಲರ್’ ಮರುಬಿಡುಗಡೆ ಆದಾಗ ಬೆಂಗಳೂರಿನ ಬಸ್ ಹತ್ತಿ ಹೋಗಿ ನೋಡಿ ಬಂದವನು ಅವನು. ಕನ್ನಡದಲ್ಲಿ ಇಂಥದ್ದನ್ನು ಯಾರೂ ಯಾಕೆ ಮಾಡಲ್ಲ ಅನ್ನೋದು ಅವನ ತಕರಾರು. ಅದನ್ನು ಕೇಳಿದಾಗಲೆಲ್ಲ ನನಗೆ ಶಂಕರ್ ನಾಗ್ ನೆನಪಾಗ್ತಾರೆ.

1954ರ ನವೆಂಬರ್ 9ರಂದು ಹುಟ್ಟಿದ, ಹೊನ್ನಾವರದ ಕಡೆಯ ಹುಡುಗ. ಮುಂಬೈನಲ್ಲಿ ಬ್ಯಾಂಕ್ ಕೆಲಸ, ಜೊತೆಗೆ ಮರಾಠಿ ರಂಗಭೂಮಿ. 1978ರಲ್ಲಿ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಅವರನ್ನು ಕನ್ನಡಕ್ಕೆ ಕರೆತಂತು. ಮೊದಲ ಚಿತ್ರಕ್ಕೇ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. 1980ರಲ್ಲಿ ‘ಆಟೋ ರಾಜ’ ಬಂತು. ಹೊಸದುರ್ಗ, ಹೊಳಲ್ಕೆರೆಯ ಆಟೋಗಳ ಹಿಂದೆ ಇವತ್ತಿಗೂ ಅವರ ಚಿತ್ರ ಕಾಣ್ತದೆ.

ಆದರೆ ಆ ಮನುಷ್ಯನ ಮನಸ್ಸು ಆಟೋದಲ್ಲಿ ಕೂತಿರಲಿಲ್ಲ. ಅದೇ ವರ್ಷ ‘ಮಿಂಚಿನ ಓಟ’ ನಿರ್ದೇಶಿಸಿದರು. ಕನ್ನಡ ಸಿನಿಮಾದವರು ಧ್ವನಿಮುದ್ರಣಕ್ಕೆ ಮದ್ರಾಸಿಗೆ ಓಡಬಾರದೆಂದು ಅಣ್ಣ ಅನಂತ್ ನಾಗ್ ಜೊತೆ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದರು. ಆಗುಂಬೆಯನ್ನೇ ಮಾಲ್ಗುಡಿ ಮಾಡಿ ಆರ್.ಕೆ. ನಾರಾಯಣ್ ಕಥೆಗಳನ್ನು ದೂರದರ್ಶನಕ್ಕೆ ತಂದರು. ಬೆಂಗಳೂರಿಗೆ ಮೆಟ್ರೋ, ನಂದಿಬೆಟ್ಟಕ್ಕೆ ರೋಪ್‌ವೇ ಅಂತ ಆಗಲೇ ಯೋಚಿಸ್ತಿದ್ದರು. ಮೆಟ್ರೋ ಬಂದಿದ್ದು 2011ರಲ್ಲಿ.

1987ರಲ್ಲಿ ‘ಒಂದು ಮುತ್ತಿನ ಕಥೆ’ ಬಂತು. ಶಂಕರ್ ನಾಗ್ ನಿರ್ದೇಶನ, ನಾಯಕ ಡಾ. ರಾಜ್‌ಕುಮಾರ್. ನೀರಿನಡಿ ಚಿತ್ರೀಕರಣ ಮಾಡಿದ್ದಾರಂತೆ ಅನ್ನೋ ಸುದ್ದಿ ನಮ್ಮ ಹೊಳಲ್ಕೆರೆಗೂ ಮುಟ್ಟಿತ್ತು. ನಮಗೆ ಅದೇ ಆಗಿನ ಬಾಹ್ಯಾಕಾಶ. ನಾವು ನಾಲ್ಕು ಜನ ಹುಡುಗರು ಕಾಲೇಜು ತಪ್ಪಿಸಿ ದುರ್ಗದ ಬಸ್ ಹತ್ತಿದೆವು.

ನಾವು ಕಾಯ್ತಿದ್ದದ್ದು ಅಣ್ಣಾವ್ರ ಫೈಟು, ಹಾಡು, ಗೆಲುವಿಗೆ. ಪರದೆ ಮೇಲೆ ಬಂದದ್ದು ಸ್ಟೈನ್‌ಬೆಕ್‌ನ ಕಥೆ: ಬಡ ಬೆಸ್ತನಿಗೆ ದೊಡ್ಡ ಮುತ್ತು ಸಿಗ್ತದೆ, ಅದರ ಹಿಂದೆಯೇ ಅವನ ಸಂಸಾರಕ್ಕೆ ಕೇಡು ಬರ್ತದೆ. ಹೊರಗೆ ಬಂದು ಟೀ ಅಂಗಡಿಯಲ್ಲಿ ನಿಂತು ಸಿನಿಮಾನ ಹಿಗ್ಗಾಮುಗ್ಗಾ ಬೈದೆವು. ಊರಿಗೆ ಹೋಗಿ ಹತ್ತು ಜನರಿಗೆ ಹೋಗಬೇಡಿ ಅಂದೆವು. ಚಿತ್ರ ನಿರೀಕ್ಷಿಸಿದಷ್ಟು ಓಡಲಿಲ್ಲ. ಮರುವರ್ಷ ‘ಸಾಂಗ್ಲಿಯಾನ’ ಬಂದಾಗ ಅದೇ ನಾವು ಶಿಳ್ಳೆ ಹೊಡೆದು ಎರಡು ಸಲ ನೋಡಿದೆವು. ನಮಗೆ ಬೇಕಾಗಿದ್ದ ಶಂಕ್ರಣ್ಣ ಒಬ್ಬ, ಆತ ಆಗಬೇಕೆಂದಿದ್ದ ಶಂಕರ್ ನಾಗ್ ಇನ್ನೊಬ್ಬ.

1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆಂದು ಬೆಂಗಳೂರಿನಿಂದ ಹೊರಟ ಕಾರು ಹಿರಿಯೂರು, ಚಿತ್ರದುರ್ಗ ದಾಟಿ ಆನಗೋಡಿನ ಹತ್ತಿರ ಅಪಘಾತಕ್ಕೆ ಸಿಕ್ಕಿತು. ಹೆಂಡತಿ, ಮಗಳು ಉಳಿದರು, ಅವರು ಉಳಿಯಲಿಲ್ಲ. ವಯಸ್ಸು 35. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂದರೆ ಆ ಜೀವ ಹೋಗಿದ್ದು ಆಗಿನ ನಮ್ಮ ಚಿತ್ರದುರ್ಗ ಜಿಲ್ಲೆಯ ನೆಲದ ಮೇಲೆ. ಸುದ್ದಿ ಕೇಳಿ ಅತ್ತವರಲ್ಲಿ ನಾನೂ ಒಬ್ಬ. ಟೀ ಅಂಗಡಿಯ ಮಾತು ನೆನಪಾಗಿ ನಾಚಿಕೆಯೂ ಆಯ್ತು.

ಈಗ ನಮ್ಮ ಜಿಲ್ಲೆಯಲ್ಲೇ ಆಕಾಶದ ಕೆಲಸ ನಡೀತಿದೆ. 2024ರ ಮಾರ್ಚ್ 22ರಂದು ಇಸ್ರೋದ ‘ಪುಷ್ಪಕ್’ ವಾಹನವನ್ನು ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನಾಗಿ ಚಳ್ಳಕೆರೆ ಬಳಿಯ ರನ್‌ವೇಗೆ ಬಂದಿಳಿಯಿತು. ಕಥೆಗೆ ಬರ ಇಲ್ಲ. ದುಡ್ಡಿನ ಕೊರತೆ ಇದೆ, ನಿಜ. ಆದರೆ ಅದಕ್ಕಿಂತ ದೊಡ್ಡ ಕೊರತೆ ನಮ್ಮ ತಾಳ್ಮೆಯದ್ದು. ಹೊರಗಿನವರ ಸಿನಿಮಾಕ್ಕೆ ವರ್ಷಗಟ್ಟಲೆ ಕಾಯುವ ನಾವು, ನಮ್ಮವನೊಬ್ಬ ಹೊಸದಕ್ಕೆ ಕೈ ಹಾಕಿದರೆ ಮೊದಲ ಶೋಗೇ ತೀರ್ಪು ಕೊಟ್ಟು ಏಳ್ತೀವಿ.

ಅಳಿಯನಿಗೆ ನಾನು ಹೇಳಿದ್ದು ಇಷ್ಟೇ. ಆ ದೊಡ್ಡ ಸಿನಿಮಾ ನೋಡು, ಖುಷಿಪಡು. ಕನ್ನಡದಲ್ಲೂ ಒಂದು ದಿನ ಅಂಥದ್ದು ಬರ್ತದೆ. ಗ್ರಾಫಿಕ್ಸ್ ಸ್ವಲ್ಪ ಕಳಪೆ ಇರಬಹುದು, ಕಥೆ ಎಡವಬಹುದು. ಆದರೂ ಮೊದಲ ವಾರವೇ ಹೋಗು, ಕೊನೆತನಕ ಕೂತು ನೋಡು, ಚೆನ್ನಾಗಿದ್ದದ್ದನ್ನು ನಾಲ್ಕು ಜನಕ್ಕೆ ಹೇಳು. ನಾನು 1987ರಲ್ಲಿ ಮಾಡಬೇಕಿದ್ದು ಅದನ್ನೇ.