ಕಿಟ್ಟೆಲ್ ಪಂಡಿತರ ಚರಿತ್ರೆ

ಕನ್ನಡ ಬಲ್ಲವರಲ್ಲಿ ಕಿಟ್ಟೆಲ್ ಎಂಬುವದು ಒಬ್ಬ ಮನುಷ್ಯನ ಹೆಸರಾಗಿರುವದಕ್ಕಿಂತ ಒಂದು ಪುಸ್ತಕದ ಹೆಸರಾಗಿ ಹೋಗಿದೆ. ಯಾವದಾದರೊಂದು ಶಬ್ದದ ಅರ್ಥದ ವಿಷಯವಾಗಿ ತರ್ಕವುಂಟಾದರೆ ಕಿಟ್ಟೆಲನ್ನು ತೆಗೆದು ನೋಡುವದು ವಾಡಿಕೆ. ಆದರೆ ಆ ದೊಡ್ಡ ಪುಸ್ತಕದ ಹಿಂದೆ ಇದ್ದವರು ಯಾವ ದೇಶದಿಂದ ಬಂದರು, ನಮ್ಮ ನುಡಿಯನ್ನು ಕಲಿಯುವದಕ್ಕೋಸ್ಕರ ಏನೇನು ಅನುಭವಿಸಿದರು ಎಂಬದು ಹಳ್ಳಿಯ ಸಭೆಗಳಲ್ಲಿ ಅನೇಕರಿಗೆ ತಿಳಿಯದು. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಫರ್ಡಿನಾಂಡ್ ಕಿಟ್ಟೆಲರು ೧೮೩೨ನೆಯ ಇಸವಿ ಏಪ್ರಿಲ್ ೭ರಂದು ಜರ್ಮನಿ ದೇಶದ ಉತ್ತರದ ಕಡಲತೀರದಲ್ಲಿರುವ ಪೂರ್ವ ಫ್ರೀಸ್‌ಲೆಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕರು. ಹುಡುಗನು ಶಾಲೆಯಲ್ಲಿ ಹಳೆಯ ಭಾಷೆಗಳನ್ನು ಕಲಿಯುವದರಲ್ಲಿ ಬಹಳ ಚುರುಕಾಗಿದ್ದನು. ೧೮೫೦ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಶಾಲೆಯನ್ನು ಸೇರಿ, ೧೮೫೩ರಲ್ಲಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹಿಂದೂದೇಶಕ್ಕೆ ಬಂದರು. ಸುಯೆಜ್ ಕಾಲುವೆಯು ತೆರೆದದ್ದು ೧೮೬೯ರಲ್ಲಿ. ಅದಕ್ಕಿಂತ ಮೊದಲು ಯೂರೋಪಿನಿಂದ ಇಲ್ಲಿಗೆ ಬರುವವನು ತನ್ನ ತಂದೆತಾಯಿಗಳ ಮುಖವನ್ನು ಪುನಃ ನೋಡುವೆನೋ ಇಲ್ಲವೋ ಎಂಬ ಸಂದೇಹದಿಂದಲೇ ಹೊರಡಬೇಕಾಗಿತ್ತು.

ಕಿಟ್ಟೆಲರನ್ನು ಮೊದಲು ಧಾರವಾಡದ ಸೀಮೆಯಲ್ಲಿ ನೇಮಿಸಿದರು. ಪರದೇಶದವನಿಗೆ ಕನ್ನಡವು ಎಷ್ಟು ಕಠಿಣವೆಂಬದನ್ನು ಹುಟ್ಟಿನಿಂದ ಅದನ್ನಾಡುವ ನಾವು ಊಹಿಸುವದು ಕಷ್ಟ. ಜರ್ಮನ್ ನಾಲಿಗೆಗೆ ಲಕಾರವು ಒಂದೇ, ನಮಗಾದರೋ ಎರಡು. ಕಲ್ಲು ಬೇರೆ, ಕಳ್ಳು ಬೇರೆ. ಹುಲಿ ಬೇರೆ, ಹುಳಿ ಬೇರೆ. ಈ ಭೇದವನ್ನು ತಪ್ಪಿದವನ ಮಾತಿಗೆ ಸಂತೆಯಲ್ಲಿ ಜನರು ನಗುವರಲ್ಲದೆ ಉಪದೇಶವನ್ನು ಕೇಳುವರೇ? ಇದರ ಮೇಲೆ ಧಾರವಾಡದ ಕನ್ನಡವು ಒಂದು ಬಗೆ, ಮೈಸೂರಿನದು ಇನ್ನೊಂದು ಬಗೆ. ಮಂಗಳೂರಿನಲ್ಲಿಯಂತೂ ಮನೆಯೊಳಗೆ ತುಳು, ಕೊಂಕಣಿ ಆಡುವವರೇ ಬಹುಮಂದಿ. ಪುಸ್ತಕದಿಂದ ಕಲಿತದ್ದು ಬೀದಿಯಲ್ಲಿ ಸಾಗುವದಿಲ್ಲ, ಬೀದಿಯಲ್ಲಿ ಕಲಿತದ್ದು ಪಂಡಿತರ ಮುಂದೆ ನಿಲ್ಲುವದಿಲ್ಲ.

ಕಿಟ್ಟೆಲರು ಹಿಡಿದ ದಾರಿಯು ಎರಡನ್ನೂ ಬಿಡದ ದಾರಿ. ಪಂಡಿತರ ಬಳಿಯಲ್ಲಿ ಕುಳಿತು ಓದಿದರು. ಹಳ್ಳಿಗಳಿಗೆ ಕಾಲುನಡಿಗೆಯಿಂದ ಹೋಗಿ ಜನರ ಮಾತನ್ನು ಕೇಳಿದರು. ಇಲ್ಲಿಯ ಆಚಾರಗಳನ್ನೂ ಸಂಗೀತವನ್ನೂ ಕಲಿತರು. ಕನ್ನಡಿಗರಿಗೆ ತಾನೂ ಕನ್ನಡಿಗನಾಗಬೇಕೆಂಬದೇ ಅವರ ಆಶೆ. ಈ ನಡತೆಯು ಅವರ ಸ್ವಂತ ಮಿಶನಿನವರಿಗೆ ಹಿಡಿಸಲಿಲ್ಲ. ಆ ಕಾಲದಲ್ಲಿ ಬಿಳಿಯರಿಗೂ ಊರಿನವರಿಗೂ ನಡುವೆ ಒಂದು ಗೋಡೆಯಿತ್ತು. ಅದನ್ನು ದಾಟಿದವನನ್ನು ಗೋಡೆಯ ಈಚೆಯವರು ಆಶ್ಚರ್ಯದಿಂದಲೂ ಆಚೆಯವರು ಸಂಶಯದಿಂದಲೂ ನೋಡುತ್ತಿದ್ದರು. ಭಾಷೆಯಲ್ಲಿ ಇಷ್ಟೊಂದು ಮನಸ್ಸಿಟ್ಟವನು ತಾನು ಬಂದ ಕೆಲಸವನ್ನು ಮರೆತಾನೆಂಬ ಭಯವು ಹಿರಿಯರಲ್ಲಿತ್ತು. ಬೋಧಕರ ಲೆಕ್ಕದಲ್ಲಿ ಕಿಟ್ಟೆಲರು ಜಯಹೊಂದಿದವರೆಂದು ಆಗ ಎಣಿಸಲ್ಪಡಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹಿರಿಯರ ಭಯವು ಪೂರ್ತಿಯಾಗಿ ಸುಳ್ಳಲ್ಲ. ಸಭೆಗಳನ್ನು ಕೂಡಿಸುವದಕ್ಕಾಗಿ ಕಳುಹಿಸಿದವನು ಓಲೆಗರಿಗಳ ಮುಂದೆ ಕುಳಿತರೆ ಕಳುಹಿಸಿದವರು ಏನೆಂದು ತಿಳಿಯಬೇಕು? ಆದರೆ ಕಿಟ್ಟೆಲರಿಗೆ ಇವು ಎರಡು ಕೆಲಸಗಳಾಗಿರಲಿಲ್ಲ. ಜನರ ಮಾತನ್ನು ಅರಿಯದವನು ಜನರಿಗೆ ಏನನ್ನೂ ಹೇಳಲಾರನೆಂಬದು ಅವರ ನಿಶ್ಚಯ.

ಧಾರವಾಡದಿಂದ ಅವರು ಮಂಗಳೂರಿಗೆ ಬಂದರು. ೧೮೪೩ರಲ್ಲಿ ಮೋಗ್ಲಿಂಗ್ ಸಾಹೇಬರು ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವೃತ್ತಾಂತಪತ್ರಿಕೆಯನ್ನು ಹೊರಡಿಸಿದ ಮಿಶನಿನ ಅಚ್ಚುಕೂಟವು ಆ ಊರಲ್ಲಿತ್ತು. ೧೮೬೨ರಲ್ಲಿ ಕಿಟ್ಟೆಲರು ಕಥಾಮಾಲೆಯೆಂಬ ಪದ್ಯಗ್ರಂಥವನ್ನು ಪ್ರಕಟಿಸಿದರು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹೇಳುವ ಪುಸ್ತಕವದು. ಪರದೇಶದ ರಾಗಕ್ಕೆ ಕನ್ನಡದ ಮಾತನ್ನು ಎಳೆದು ಕೂಡಿಸುವ ಪದಗಳನ್ನು ಹಾಡಿ ಬಳಲಿದವರಿಗೆ ಇದರ ಬೆಲೆಯು ತಿಳಿಯುವದು.

ಮನೆಯ ದುಃಖವೂ ಅವರಿಗೆ ತಪ್ಪಲಿಲ್ಲ. ಮೊದಲನೆಯ ಹೆಂಡತಿಯಾದ ಪೌಲೀನಾ ಎಂಬಾಕೆಯು ಮದುವೆಯಾಗಿ ಕೆಲವೇ ವರುಷಗಳಲ್ಲಿ ತೀರಿಹೋದಳು. ತರುವಾಯ ಆಕೆಯ ಸಹೋದರಿಯಾದ ಯೂಲಿಯಾ ಎಂಬಾಕೆಯನ್ನು ಮದುವೆಯಾದರು.

ಸಾಲಗಾಮೆ, ಹಾಸನ ಕಡೆಯ ವಾಚಕರಿಗೆ ಇನ್ನು ಮುಂದಿನ ಮಾತು ಹತ್ತಿರದ್ದಾಗಿದೆ. ಹಳೇಬೀಡಿನ ಗುಡಿಗಳನ್ನು ನೀವು ನೋಡಿರುವಿರಿ. ಅದು ಹೊಯ್ಸಳ ಅರಸರ ದೋರಸಮುದ್ರ. ಆ ಅರಸರ ಆಶ್ರಯದಲ್ಲಿದ್ದ ಕವಿಗಳ ಮನೆತನದಲ್ಲಿ ಹದಿಮೂರನೆಯ ಶತಮಾನದಲ್ಲಿ ಹುಟ್ಟಿದ ಕೇಶಿರಾಜನು ಶಬ್ದಮಣಿದರ್ಪಣವೆಂಬ ಕನ್ನಡ ವ್ಯಾಕರಣವನ್ನು ರಚಿಸಿದನು. ಆರುನೂರು ವರುಷಗಳ ತರುವಾಯ, ೧೮೭೨ರಲ್ಲಿ, ಅದನ್ನು ಹಸ್ತಪ್ರತಿಗಳಿಂದ ಶೋಧಿಸಿ ಮಂಗಳೂರಲ್ಲಿ ಅಚ್ಚುಹಾಕಿಸಿದವರು ಈ ಜರ್ಮನಿಯವರು. ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಹಾಗೆಯೇ ಹೊರಡಿಸಿದರು. ಹಳೆಗನ್ನಡದಲ್ಲಿದ್ದು ಈಗ ಮರೆತುಹೋದ ಅಕ್ಷರಗಳೂ ಇದರಿಂದ ಬೆಳಕಿಗೆ ಬಂದವು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಈಗ ನಾವು ಎರಡನ್ನೂ ಒಂದೇ ರೀತಿ ಬರೆಯುತ್ತೇವೆ. ಲಕಾರ ಳಕಾರಗಳೊಡನೆ ಹೆಣಗಿ ಕಲಿತವರು ನಮ್ಮ ಬಾಯಿಂದಲೇ ಜಾರಿಹೋದ ಅಕ್ಷರಗಳನ್ನು ಹುಡುಕಿ ಕೊಟ್ಟರು.

ಎಲ್ಲಕ್ಕಿಂತ ದೊಡ್ಡ ಕೆಲಸವು ನಿಘಂಟು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನಿನ ರೀವ್ ಸಾಹೇಬರ ಕನ್ನಡ ನಿಘಂಟು ೧೮೩೨ರಲ್ಲಿ, ಅಂದರೆ ಕಿಟ್ಟೆಲರು ಹುಟ್ಟಿದ ವರುಷದಲ್ಲಿಯೇ, ಹೊರಟಿತ್ತು. ಅದನ್ನು ವೆಸ್ಲಿಯನ್ ಮಿಶನಿನ ಸ್ಯಾಂಡರ್ಸನರು ೧೮೫೮ರಲ್ಲಿ ತಿದ್ದಿ ಬೆಂಗಳೂರಲ್ಲಿ ಪ್ರಕಟಿಸಿದ್ದರು. ಅದು ಸಾಲದೆಂದು ಕಂಡು ಕಿಟ್ಟೆಲರು ಹೊಸದಾಗಿ ತೊಡಗಿದರು. ನಡುವೆ ಸ್ವದೇಶಕ್ಕೆ ಹೋಗಿದ್ದವರು ಈ ಕೆಲಸಕ್ಕಾಗಿಯೇ ೧೮೮೩ರಲ್ಲಿ, ಐವತ್ತು ವರುಷ ದಾಟಿದ ಮೇಲೆ, ಪುನಃ ಬಂದರು. ಪಂಡಿತರ ನೆರವಿನಿಂದ ಕಾವ್ಯಗಳನ್ನೂ ಶಾಸ್ತ್ರಗಳನ್ನೂ ಜಾಲಾಡಿದರು. ಹಾಗೆಂದು ಪಂಡಿತರ ಮಾತನ್ನು ಮಾತ್ರ ಸೇರಿಸಲಿಲ್ಲ. ನೇಗಿಲು, ಕುಂಟೆ, ಮೇಟಿಗಳಿಗೂ ಅಲ್ಲಿ ಸ್ಥಳವುಂಟು, ಗಾದೆಗಳು ಹೇರಳವಾಗಿವೆ, ಒಂದೊಂದು ಮಾತು ಮೈಸೂರು ಸೀಮೆಯದೋ, ದಕ್ಷಿಣ ಮರಾಠಾ ಸೀಮೆಯದೋ, ಎಲ್ಲೆಡೆ ನಡೆಯುವದೋ ಎಂಬದಕ್ಕೆ ಗುರುತು ಹಾಕಿದ್ದಾರೆ. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ನೆಂಟಶಬ್ದಗಳನ್ನೂ ಪಕ್ಕದಲ್ಲಿ ಕೊಟ್ಟಿದ್ದಾರೆ. ಒಲೆಯ ಮುಂದೆ ಆಡುವ ಮಾತಿಗೂ ಅರಮನೆಯ ಕವಿಯ ಮಾತಿಗೂ ಒಂದೇ ಪುಟದಲ್ಲಿ ಸ್ಥಳ ಕೊಟ್ಟದ್ದು ಹಳ್ಳಿಗಳಲ್ಲಿ ನಡೆದಾಡಿದವರಿಂದ ಮಾತ್ರ ಆಗುವ ಕೆಲಸವೆಂದು ನಮಗೆ ತೋರುತ್ತದೆ.

ಕೈಬರಹವು ಮುಗಿಯುತ್ತಾ ಬಂದಾಗ, ೧೮೯೨ರಲ್ಲಿ, ಕಿಟ್ಟೆಲರು ಈ ದೇಶವನ್ನು ಕಡೆಯ ಸಾರಿ ಬಿಟ್ಟರು. ನಿಘಂಟು ೧೮೯೪ರಲ್ಲಿ ಮಂಗಳೂರ ಮಿಶನ್ ಅಚ್ಚುಕೂಟದಿಂದ ಹೊರಬಂತು: ೧೭೦೦ಕ್ಕೂ ಹೆಚ್ಚು ಪುಟಗಳು, ಸುಮಾರು ೭೦,೦೦೦ ಶಬ್ದಗಳು. ೧೮೯೬ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ಆ ಮೇಲೂ ಅವರು ಸುಮ್ಮನಿರದೆ ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ೧೮ರಂದು ಟ್ಯೂಬಿಂಗನ್ ಪಟ್ಟಣದಲ್ಲಿ ಮೃತರಾದರು.

ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅವರ ನಿಘಂಟನ್ನು ಮದ್ರಾಸು ವಿಶ್ವವಿದ್ಯಾಲಯವು ೧೯೬೮ರಿಂದ ನಾಲ್ಕು ಸಂಪುಟಗಳಾಗಿ ಹೊರಡಿಸಿತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದರು. ಆ ಊರಿಗೆ ಹೋಗುವವರು ಅದನ್ನು ನೋಡಬಹುದು. ಊರು ಬಿಡಲಾರದವರು ಯಾವದಾದರೊಂದು ಪುಸ್ತಕಾಲಯದಲ್ಲಿ ನಿಘಂಟನ್ನು ತೆರೆದು, ತಮ್ಮ ಅಜ್ಜಿಯರು ಆಡುತ್ತಿದ್ದ ಮಾತಿನ ಎದುರಿಗೆ ಮೈಸೂರು ಸೀಮೆಯ ಗುರುತು ಇದೆಯೋ ಎಂದು ಹುಡುಕಿ ನೋಡಲಿ.