ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ನಮ್ಮ ಸಿರ್ಗಾಪುರದ ಸುತ್ತಣ ಕಪ್ಪು ನೆಲದಲ್ಲಿ ಹಿಂಗಾರಿ ಜೋಳ ಬೆಳೆಯುವುದನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇದೆ. ಎಳೆಯ ತೆನೆ ನೆಟ್ಟಗೆ ನಿಂತಿರುತ್ತದೆ. ಕಾಳು ಬಲಿತಂತೆಲ್ಲ ಅದು ಬಾಗುತ್ತದೆ. ಮನುಷ್ಯನ ಆತ್ಮಕ್ಕೂ ಇಂಥದೊಂದು ಬಲಿಯುವ ಕಾಲವಿದೆಯೆಂಬುದನ್ನು ಎಲ್ಲ ಧರ್ಮಗಳ ಹಿರಿಯರೂ ಒಪ್ಪಿದ್ದಾರೆ. ಸಂತ ಪೌಲನು ತನ್ನ ಪತ್ರಗಳಲ್ಲಿ ವಿಶ್ವಾಸಿಯು ಕೂಸಿನ ಸ್ಥಿತಿಯನ್ನು ದಾಟಿ ಪ್ರೌಢನಾಗಬೇಕೆಂದು ಮತ್ತೆ ಮತ್ತೆ ಎಚ್ಚರಿಸಿದ್ದಾನೆ. ಹಾಲನ್ನು ಬಿಟ್ಟು ಗಟ್ಟಿಯಾದ ಆಹಾರವನ್ನು ಅರಗಿಸಿಕೊಳ್ಳುವ ಶಕ್ತಿ ಆತ್ಮಕ್ಕೂ ಬರಬೇಕೆಂಬ ದೃಷ್ಟಾಂತವು ಸತ್ಯವೇದದಲ್ಲಿ ಉಂಟು. ಆದರೆ ಆ ಪ್ರೌಢಿಮೆ ಬಂದಿತೆಂಬುದಕ್ಕೆ ಗುರುತೇನು? ಇದಕ್ಕೆ ತರ್ಕದಿಂದ ಉತ್ತರ ಹುಡುಕುವುದಕ್ಕಿಂತ ಹಾಗೆ ಪಕ್ವವಾದ ಒಂದು ಬಾಳನ್ನು ನೋಡುವುದೇ ಲೇಸು. ಅಂಥ ಬಾಳು ರೆವರೆಂಡ್ ಉತ್ತಂಗಿ ಚನ್ನಪ್ಪನವರದು.

ಕೆಲವು ಕಾಲದ ಹಿಂದೆ ಈ ಲೇಖಕನು ತರಗತಿಯಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಪಾಠ ಹೇಳುತ್ತಿದ್ದಾಗ, ಮನೆ ಮನೆಯ ಬಾಯಲ್ಲಿದ್ದ ಈ ಪದಗಳನ್ನು ಪುಸ್ತಕಕ್ಕೆ ತಂದವರು ಯಾರೆಂದು ಒಬ್ಬ ಹುಡುಗನು ಕೇಳಿದನು. ಒಬ್ಬ ಕ್ರೈಸ್ತ ಪಾದ್ರಿಯೆಂದು ಹೇಳಿದಾಗ ಹಿಂದಿನ ಸಾಲಿನಲ್ಲಿ ಸಂಕೋಚದಿಂದ ಕುಳಿತಿದ್ದ, ಕ್ರೈಸ್ತ ಮನೆತನದ ಮತ್ತೊಬ್ಬ ಹುಡುಗನು ತಲೆಯೆತ್ತಿ ನೋಡಿದನು. ಆ ಕಣ್ಣಿನಲ್ಲಿ ಕಂಡ ಬೆಳಕೇ ಈ ಬರಹಕ್ಕೆ ಪ್ರೇರಣೆ.

ಚನ್ನಪ್ಪನವರು ಧಾರವಾಡದಲ್ಲಿ 1881ನೆಯ ಇಸವಿಯ ಅಕ್ಟೋಬರ್ 28ರಂದು ಜನಿಸಿದರು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ತಂದೆಯದು ಸತ್ಯವೇದದ ಪ್ರವಾದಿಯ ಹೆಸರು. ತಾಯಿಯ ಹೆಸರಿನಲ್ಲಿ ಶರಣರ ನಾಡಿನ ಭಕ್ತಿಯ ಕಂಪು. ಮಗನಿಗೆ ಇಟ್ಟುದು ಅಪ್ಪಟ ಕನ್ನಡದ ಹೆಸರು. ಮನೆತನದ ಹೆಸರು ಹೂವಿನಹಡಗಲಿ ಸೀಮೆಯ ಉತ್ತಂಗಿ ಎಂಬ ಊರಿನಿಂದ ಬಂದುದು. ಪೂರ್ವಿಕರು ಲಿಂಗವಂತ ಮತದವರಾಗಿದ್ದು ಅನಂತರ ಕ್ರೈಸ್ತ ಮತವನ್ನು ಸ್ವೀಕರಿಸಿದವರು. ಹೀಗೆ ಎರಡು ತೊರೆಗಳ ನೀರು ಆ ಮನೆಯ ಅಂಗಳದಲ್ಲಿಯೇ ಕೂಡಿದ್ದಿತು. ಆದರೆ ಕೂಡಿದ ನೀರು ತಿಳಿಯಾಗಬೇಕಾದರೆ ಒಂದು ಆಯುಷ್ಯವೇ ಬೇಕಾಯಿತು.

ಆ ಕಾಲದ ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ಕಾರ್ಯ ಬೇರೂರಿದ್ದಿತು. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆ ಕೆಲವೇ ವರ್ಷಗಳಲ್ಲಿ ಘಟ್ಟವನ್ನೇರಿ ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆನಿಂತಿತು. ಮತಪ್ರಸಾರವೇ ಅದರ ಗುರಿಯಾಗಿದ್ದರೂ ಅದರ ಕೆಲವರು ಹಿರಿಯರು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ನಾಡು ಮರೆಯಲಾರದು. ಮೊಗ್ಲಿಂಗರು 1843ರಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿದರು. ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. ಕಿಟ್ಟೆಲರ ನಿಘಂಟು 1894ರಲ್ಲಿ ಬೆಳಕು ಕಂಡಿತು. ಆಗ ಚನ್ನಪ್ಪನವರು ಹದಿಮೂರರ ಪ್ರಾಯದೊಳಗಿನ ಬಾಲಕರು. ಪರದೇಶದಿಂದ ಬಂದವರೇ ಕನ್ನಡಕ್ಕೆ ಇಷ್ಟು ದುಡಿದಿರುವಾಗ ಕನ್ನಡದ ಮಗನಾದವನ ಹೊಣೆ ಎಷ್ಟೆಂಬುದು ಅಂಥ ವಾತಾವರಣದಲ್ಲಿ ಬೆಳೆದವರ ಮನಸ್ಸಿಗೆ ತಟ್ಟದೆ ಇರಲಾರದು.

ಧಾರವಾಡದಲ್ಲಿ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿ ಚನ್ನಪ್ಪನವರು ಮಂಗಳೂರಿನ ದೇವಶಾಸ್ತ್ರ ಶಾಲೆಯನ್ನು ಸೇರಿದರು. ಅಲ್ಲಿಯ ಶಿಕ್ಷಣವು ಮುಗಿದ ಮೇಲೆ ಉಪದೇಶಕರಾಗಿ ಹುಬ್ಬಳ್ಳಿ ಮೊದಲಾದ ಉತ್ತರ ಕರ್ನಾಟಕದ ಊರುಗಳಲ್ಲಿ ಸೇವೆ ಸಲ್ಲಿಸಿದರು. ಉಪದೇಶಕನ ಕೆಲಸವೆಂದರೆ ಸಂತೆ, ಜಾತ್ರೆ, ಓಣಿ, ಕಟ್ಟೆಗಳಲ್ಲಿ ನಿಂತು ಜನರಿಗೆ ಸುವಾರ್ತೆಯನ್ನು ತಿಳಿಯಹೇಳುವುದು. ಆ ವೃತ್ತಿಗೆ ಒಂದು ಸಹಜವಾದ ಅಪಾಯವುಂಟು. ತಾನು ಕೊಡುವವನು, ಎದುರಿಗಿರುವವರು ಪಡೆಯುವವರು ಎಂಬ ಭಾವನೆ ಅರಿವಿಲ್ಲದೆಯೇ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ಶಾಲಾ ಉಪಾಧ್ಯಾಯರಾದ ನಮಗೂ ಈ ಅಪಾಯ ತಪ್ಪಿದ್ದಲ್ಲ. ಬೋಧಿಸುವ ನಾಲಗೆ ಬಲಿತಂತೆ ಕೇಳುವ ಕಿವಿ ಮಂದವಾಗುವುದು ಲೋಕದ ವಾಡಿಕೆ. ಚನ್ನಪ್ಪನವರ ಬಾಳಿನಲ್ಲಿ ಇದಕ್ಕೆ ವಿಪರೀತವಾದುದು ನಡೆಯಿತು. ಅವರ ಕಿವಿಯನ್ನು ತೆರೆಯಿಸಿದವನು ಸರ್ವಜ್ಞ.

ಹಳ್ಳಿಯ ಜನ ಮಾತಿಗೊಮ್ಮೆ ಸರ್ವಜ್ಞನ ಪದವನ್ನು ಹೇಳುವುದು ಆ ಸೀಮೆಯಲ್ಲಿ ಸಾಮಾನ್ಯವಾದ ಸಂಗತಿ. ಮೂರೇ ಸಾಲಿನಲ್ಲಿ ಜಾತಿಯ ಹಮ್ಮನ್ನು, ಡಾಂಭಿಕ ಪೂಜೆಯನ್ನು, ಜಿಪುಣತನವನ್ನು ಇರಿಯುವ ಆ ಪದಗಳಲ್ಲಿ ಚನ್ನಪ್ಪನವರು ತಮ್ಮ ನಾಡಿನ ಪ್ರವಾದಿಯೊಬ್ಬನ ದನಿಯನ್ನು ಕೇಳಿದರು. ಆದರೆ ಆ ಪದಗಳು ಒಂದೆಡೆ ದೊರೆಯುವಂತಿರಲಿಲ್ಲ. ತಾಳೆಯೋಲೆಯ ಕಟ್ಟುಗಳಲ್ಲಿ, ಹಳೆಯ ಕೈಬರಹದ ವಹಿಗಳಲ್ಲಿ, ಮುದುಕರ ನೆನಪಿನಲ್ಲಿ ಹಂಚಿಹೋಗಿದ್ದವು. ಅವನ್ನು ಅರಸಿಕೊಂಡು ಅವರು ವರ್ಷಾನುಗಟ್ಟಲೆ ಶ್ರಮಪಟ್ಟರು. ದೊರೆತ ಪಾಠಗಳನ್ನು ಒಂದಕ್ಕೊಂದು ತಾಳೆ ನೋಡಿ, ವಿಷಯಾನುಸಾರವಾಗಿ ಅಳವಡಿಸಿ, ಸುಮಾರು 2,000 ವಚನಗಳ ಸಂಪುಟವನ್ನು 1924ರಲ್ಲಿ ಪ್ರಕಟಿಸಿದರು. ಹಿಂದಿನ ವರ್ಷ, ಎಂದರೆ 1923ರಲ್ಲಿ, ವಿಜಾಪುರದ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ಹೊರಬಂದಿದ್ದಿತು. ಒಂದು ವರ್ಷದ ಅಂತರದಲ್ಲಿ ಕನ್ನಡನಾಡು ತನ್ನ ಎರಡು ದೊಡ್ಡ ನಿಧಿಗಳನ್ನು ಮರಳಿ ಪಡೆಯಿತು; ಅವುಗಳಲ್ಲಿ ಒಂದನ್ನು ಅಗೆದು ತೆಗೆದವರು ಒಬ್ಬ ಕ್ರೈಸ್ತ ಬೋಧಕರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸುವಾರ್ತೆಯನ್ನು ಕೊಡಲೆಂದು ಹೊರಟ ಉಪದೇಶಕರು ಈಗ ಮತ್ತೊಬ್ಬರ ಬಾಗಿಲಲ್ಲಿ ನಿಂತು ಓಲೆಕಟ್ಟನ್ನು ಬೇಡಬೇಕಾಯಿತು. ಓಲೆಯನ್ನು ಬೇಡುವವನು ತಗ್ಗಿ ಮಾತಾಡಬೇಕು. ಮನೆಯವರ ನಂಬಿಕೆಯನ್ನು ಗಳಿಸಬೇಕು. ಅವರು ಪೂಜ್ಯವೆಂದು ಭಾವಿಸಿದುದನ್ನು ತಾನೂ ಗೌರವದಿಂದ ಕೈಗೆತ್ತಿಕೊಳ್ಳಬೇಕು. ಮುಂದೆ ಚನ್ನಪ್ಪನವರು ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು. ಈ ಹೆಸರು ಬರಿಯ ವಿನೋದದ್ದಲ್ಲ. ಕ್ರಿಸ್ತನು ಬೆಟ್ಟದ ಮೇಲೆ ಮಾಡಿದ ಪ್ರಸಂಗದ ಮೊಟ್ಟಮೊದಲ ಆಶೀರ್ವಾದವು ಆತ್ಮದಲ್ಲಿ ಬಡವರಾದವರಿಗೆ ಸಂದುದು. ಸರ್ವಜ್ಞನೂ ಊರಿಂದೂರಿಗೆ ತಿರಿದುಣ್ಣುತ್ತ ಹೋದವನೆಂದು ಪ್ರತೀತಿ. ತಿರುಕನೆಂಬ ಒಂದೇ ಮಾತಿನಲ್ಲಿ ಗಲಿಲಾಯದ ಗುರುವಿನ ಬೋಧೆಯೂ ಕನ್ನಡ ಜಂಗಮನ ನಡೆಯೂ ಕೂಡಿಬಂದವು.

ಈ ಅವಧಿಯ ಆಸುಪಾಸಿನಲ್ಲಿಯೇ ಅವರು ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಪುಸ್ತಕವನ್ನು ಬರೆದರು. ಅದರ ಹೆಸರೇ ಅವರ ಅಂತರಂಗದ ಬೆಳವಣಿಗೆಗೆ ಸಾಕ್ಷಿ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಮಾಡುವುದಿಲ್ಲ, ಬೆದರಿಕೆ ಹಾಕುವುದಿಲ್ಲ. ಹಿರಿಯ ಪುರದ ಮುಂದೆ ಕಿರಿಯ ಊರು ಕೈಮುಗಿದು ನಿಂತಿದೆ. ತಾನು ನಂಬಿದುದನ್ನು ಮುಚ್ಚಿಡದೆ, ಎದುರಿಗಿರುವವರ ಹಿರಿಮೆಯನ್ನು ಅಲ್ಲಗಳೆಯದೆ ಮಾತಾಡುವ ರೀತಿಯಿದು. ಇಂಥ ನಿಲವು ಎರಡು ಕಡೆಯವರಿಗೂ ಸುಲಭವಾಗಿ ರುಚಿಸುವಂಥದಲ್ಲ. ಸ್ವಮತದವರಿಗೆ ಇವನು ಹೊರಗಿನವರ ಕಡೆಗೆ ವಾಲಿದನೆಂಬ ಶಂಕೆ; ಹೊರಗಿನವರಿಗೆ ಇದೂ ಒಂದು ಬಗೆಯ ಬಲೆಯೆಂಬ ಶಂಕೆ. ನಡುವೆ ನಿಂತವನು ಎರಡು ದಂಡೆಯ ಕಲ್ಲನ್ನೂ ತಿನ್ನಬೇಕಾಗುತ್ತದೆ. ಚನ್ನಪ್ಪನವರು ತಮ್ಮ ಕ್ರಿಸ್ತಭಕ್ತಿಯನ್ನೂ ಬಿಡಲಿಲ್ಲ, ಶರಣರ ಸಂಗವನ್ನೂ ಬಿಡಲಿಲ್ಲ.

ಈಗ ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದ ಪ್ರಸಂಗಕ್ಕೆ ಬರುವೆನು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಡನೆ ಒಂದಾಯಿತು. ಮರುವರ್ಷವೇ, 1949ರಲ್ಲಿ, ಕನ್ನಡ ಸಾಹಿತ್ಯ ಸಮ್ಮೇಳನದ 32ನೆಯ ಅಧಿವೇಶನವು ಕಲಬುರಗಿಯಲ್ಲಿ ನಡೆಯಿತು. ಹಿಂದಿನ ವರ್ಷ ಕಾಸರಗೋಡಿನಲ್ಲಿ, ಮುಂದಿನ ವರ್ಷ ಸೊಲ್ಲಾಪುರದಲ್ಲಿ. ಹೀಗೆ ಸಾಲಾಗಿ ಗಡಿಯ ಊರುಗಳಲ್ಲಿಯೇ ಕನ್ನಡಮ್ಮನ ತೇರು ಹರಿದ ಕಾಲವದು. ಅಂದು ನಮ್ಮ ನಾರಾಯಣಖೇಡ ಮತ್ತು ಜಹೀರಾಬಾದು ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೇ ಇದ್ದಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಮೂರೂ ಆಂಧ್ರಪ್ರದೇಶಕ್ಕೆ ಸೇರಿ, 2014ರಿಂದ ತೆಲಂಗಾಣದಲ್ಲಿವೆ. ಆದುದರಿಂದ ಆ ಕಲಬುರಗಿಯ ಸಮ್ಮೇಳನವು ನಮ್ಮ ಹಿರಿಯರ ಮನೆಯಂಗಳದಲ್ಲಿ ನಡೆದ ಹಬ್ಬವೇ ಸರಿ.

ಆ ಹಬ್ಬದ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅರುವತ್ತೇಳರ ಸುಮಾರಿನ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಆ ಹೊತ್ತಿನ ಸನ್ನಿವೇಶವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಹಿಂದಿನ ವರ್ಷದ ಕಲಹದಲ್ಲಿ ಈ ಸಂಸ್ಥಾನದ ಜನ ಮತದ ಹೆಸರಿನ ಕಹಿಯನ್ನು ಸಾಕಷ್ಟು ಉಂಡಿದ್ದರು. ಗಾಯ ಮಾಯದಿದ್ದ ನೆಲದಲ್ಲಿ, ಶರಣಬಸವೇಶ್ವರರ ಗುಡಿಯೂ ಬಂದೇ ನವಾಜರ ದರ್ಗಾವೂ ಇರುವ ಊರಿನಲ್ಲಿ, ಕನ್ನಡಿಗರು ಒಬ್ಬ ಕ್ರೈಸ್ತ ಬೋಧಕರನ್ನು ತಮ್ಮ ನುಡಿಯ ಹಿರಿಯರೆಂದು ಮನ್ನಿಸಿದರು. ತಿರಿದು ತಂದವನಿಗೆ ನಾಡು ಸಿಂಹಾಸನವನ್ನು ಕೊಟ್ಟಿತು.

ಪೀಠದಿಂದ ಇಳಿದ ಮೇಲೂ ಅವರ ದುಡಿಮೆ ನಿಲ್ಲಲಿಲ್ಲ. ಕಲ್ಯಾಣದಲ್ಲಿ ಅನುಭವ ಮಂಟಪವು ನಿಜವಾಗಿ ಇದ್ದಿತೇ ಎಂದು ಕೆಲವರು ವಿದ್ವಾಂಸರು ಸಂಶಯವನ್ನೆತ್ತಿದಾಗ ಅದಕ್ಕೆ ಉತ್ತರವಾಗಿ ಅನುಭವ ಮಂಟಪದ ಐತಿಹಾಸಿಕತೆ ಎಂಬ ಗ್ರಂಥವನ್ನು 1951ರಲ್ಲಿ ಹೊರತಂದವರು ಚನ್ನಪ್ಪನವರು. ಶರಣರ ಸಭಾಮಂಟಪದ ಪರವಾಗಿ ಕ್ರೈಸ್ತ ಪಾದ್ರಿಯೊಬ್ಬರು ವಾದಿಸಿದುದು ನಮ್ಮ ಸಾಹಿತ್ಯ ಚರಿತ್ರೆಯ ಒಂದು ಅಪೂರ್ವ ಘಟನೆ. ಮೋಳಿಗೆಯ ಮಾರಯ್ಯ, ರಾಣಿ ಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ, ಆದಯ್ಯ ಇವರ ವಚನ ಸಾಹಿತ್ಯದ ಸಂಪಾದನೆಗೂ ಅವರು ಕೈಯಿಕ್ಕಿದರು. ಲಿಂಗಾಯತ ಧರ್ಮವನ್ನೂ ಕ್ರೈಸ್ತ ಧರ್ಮವನ್ನೂ ಒಟ್ಟಿಗೆ ಇರಿಸಿ ಆಲೋಚಿಸಿದರು. ಪೂರ್ವಿಕರು ಬಿಟ್ಟುಬಂದ ಮನೆಗೆ ಮೊಮ್ಮಗನು ಮರಳಿ ಹೋದನು. ಒಡೆಯನಾಗಿ ಅಲ್ಲ, ಪ್ರೀತಿಯ ಬಂಧುವಾಗಿ. 1962ರ ಆಗಸ್ಟ್ 28ರಂದು, ಎಂಬತ್ತು ವರ್ಷಗಳ ತುಂಬು ಬಾಳನ್ನು ಬಾಳಿ, ಅವರು ಪ್ರಭುವಿನ ಪಾದವನ್ನು ಸೇರಿದರು.

ಈ ಬಾಳಿನಿಂದ ನಮಗೆ ತಿಳಿಯುವುದೇನು? ಸಂತ ಪೇತ್ರನ ಹೆಸರಿನ ಎರಡನೆಯ ಪತ್ರದಲ್ಲಿ ಆತ್ಮದ ಬೆಳವಣಿಗೆಯ ಒಂದು ನಿಚ್ಚಣಿಕೆ ಕಾಣುತ್ತದೆ. ನಂಬಿಕೆಯಿಂದ ಮೊದಲಾಗಿ ಸದ್ಗುಣ, ಜ್ಞಾನ, ದಮೆ, ತಾಳ್ಮೆ, ಭಕ್ತಿ, ಸಹೋದರ ಸ್ನೇಹಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತ ಕೊನೆಗೆ ಪ್ರೀತಿಯನ್ನು ಮುಟ್ಟಬೇಕೆಂದು ಅಲ್ಲಿ ಬೋಧಿಸಿದೆ. ನಮ್ಮ ಶರಣರ ಷಟ್‌ಸ್ಥಲವೂ ನಿಚ್ಚಣಿಕೆಯೇ. ಭಕ್ತಸ್ಥಲದಿಂದ ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣಸ್ಥಲಗಳನ್ನು ದಾಟಿ ಐಕ್ಯಕ್ಕೆ ಏರುವುದು. ಎರಡೂ ಒಂದೇ ಎನ್ನಲಾಗದು. ಹತ್ತುವ ತುದಿಯನ್ನು ಎರಡೂ ಬೇರೆ ಬೇರೆ ಮಾತಿನಲ್ಲಿ ಹೇಳುತ್ತವೆ. ಆದರೆ ಮೊದಲ ಮೆಟ್ಟಿಲಿನಲ್ಲಿಯೇ ನಿಂತು ಗುರಿ ಸೇರಿದೆನೆಂದು ಕೂಗಬಾರದೆಂಬ ಎಚ್ಚರಿಕೆ ಎರಡರಲ್ಲಿಯೂ ಉಂಟು. ಪೇತ್ರನ ನಿಚ್ಚಣಿಕೆಯಲ್ಲಿ ಸಹೋದರ ಸ್ನೇಹದ ಮೇಲೆ ಮತ್ತೊಂದು ಮೆಟ್ಟಿಲಿರುವುದನ್ನು ನೋಡಿರಿ. ತನ್ನ ಸಭೆಯವರನ್ನು ಪ್ರೀತಿಸುವುದು ದೊಡ್ಡದೇ. ಅದನ್ನೂ ದಾಟಿ ಸರ್ವರನ್ನೂ ಪ್ರೀತಿಸುವಾಗ ಹಣ್ಣು ಪಕ್ವವಾಗುತ್ತದೆ. ಆ ಕೊನೆಯ ಮೆಟ್ಟಿಲನ್ನು ಹತ್ತುವಾಗ ಚನ್ನಪ್ಪನವರು ಕೆಳಗಿನ ಯಾವ ಮೆಟ್ಟಿಲನ್ನೂ ಕಿತ್ತುಹಾಕಲಿಲ್ಲ.

ಗಡಿಯಲ್ಲಿ ಬಾಳುವ ನಮಗೆ ಈ ಪಾಠ ಇನ್ನೂ ಹತ್ತಿರವಾದುದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ನೆರೆಮನೆಯಲ್ಲಿ ಉರ್ದು ಅಥವಾ ಮರಾಠಿಯನ್ನು ಕೇಳುತ್ತ ಬೆಳೆಯುತ್ತಾರೆ. ತನ್ನದನ್ನು ಬಿಟ್ಟು ಎಲ್ಲರೊಡನೆ ಬೆರೆತೆನೆನ್ನುವುದು ಬೇರಿಲ್ಲದ ಗಿಡದ ಬಾಳು. ತನ್ನದನ್ನೇ ಹಿಡಿದು ನೆರೆಯವರನ್ನು ದ್ವೇಷಿಸುವುದು ಎಳೆಯ ತೆನೆಯ ಸೆಟೆತ. ಬೇರು ತನ್ನ ನೆಲದಲ್ಲಿ ಆಳಕ್ಕಿಳಿದಿರಬೇಕು, ನೆರಳು ಬೇಲಿಯಾಚೆಗೂ ಬೀಳಬೇಕು. ನಮ್ಮ ಹಳ್ಳಿಗಳ ಅಜ್ಜ ಅಜ್ಜಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಕನ್ನಡ ಪದಗಳನ್ನು, ಮೊಹರಮ್ಮಿನ ಹಾಡುಗಳನ್ನು, ಭಜನೆಗಳನ್ನು, ಕ್ರೈಸ್ತ ಕೀರ್ತನೆಗಳನ್ನು ಬಾಗಿಲು ಬಾಗಿಲಿಗೆ ಹೋಗಿ ಬೇಡಿ ಬರೆದುಕೊಳ್ಳುವ ತರುಣ ತಿರುಕರು ಈ ಸಂಘದಿಂದ ಹೊರಡುವಂತಾಗಲಿ. ಹಿಂದಿನ ಸಾಲಿನಲ್ಲಿ ತಲೆಯೆತ್ತಿದ ಆ ಬಾಲಕನು ಅವರ ಮುಂದಾಳಾಗಲಿ ಎಂದು ಹಾರೈಸಿ, ಮಹಾನುಭಾವರಾದ ಚನ್ನಪ್ಪನವರ ನೆನಪಿಗೆ ತಲೆಬಾಗಿ ಈ ನುಡಿಕಾಣಿಕೆಯನ್ನು ಒಪ್ಪಿಸುತ್ತೇನೆ.